ಮೂರನೇ ಸ್ಥಾನಕ್ಕೆ ಪಟಾಕಿ ಏಕೆ?

ಪ್ರಶ್ನೆ: ನಾನು ಚೆನ್ನೈ ಪೆರಂಬೂರಿನ ಐಸಿಎಫ್ ರೈಲು ಬೋಗಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಮೂಲ ಬಂಗಾರಪೇಟೆ ಕಡೆ. 2025ರ ಜನವರಿಯಲ್ಲಿ ನಟ ಅಜಿತ್ ಕುಮಾರ್ ಅವರ ತಂಡ ದುಬೈನ 24 ಗಂಟೆಗಳ ಕಾರ್ ರೇಸಿನಲ್ಲಿ ಗೆದ್ದಿತೆಂದು ನಮ್ಮ ಬೀದಿಯ ಹುಡುಗರು ಪಟಾಕಿ ಹೊಡೆದರು. ಮಾರನೆಯ ದಿನ ಪತ್ರಿಕೆ ಬಿಡಿಸಿದರೆ ಮೂರನೇ ಸ್ಥಾನ ಎಂದಿತ್ತು. ಅದೂ ಆ ಕಾರನ್ನು ಅಜಿತ್ ಓಡಿಸಲೇ ಇಲ್ಲವಂತೆ. ನನ್ನ ಪ್ರಾಯದಲ್ಲಿ ಶೋಳಾವರಂಗೆ ಹೋಗಿ ರೇಸ್ ನೋಡಿದ್ದೇನೆ. ಅಲ್ಲಿ ಮೊದಲು ಬಂದವನು ಗೆದ್ದ, ಮಿಕ್ಕವರು ಸೋತರು, ಅಷ್ಟೇ ಲೆಕ್ಕ. ಮೂರನೆಯದು ಗೆಲುವು ಹೇಗಾಗುತ್ತದೆ? ಒಂದು ಹಗಲು ಒಂದು ರಾತ್ರಿ ಒಬ್ಬನೇ ಕಾರು ಓಡಿಸುತ್ತಾನೆಯೇ? ನಮ್ಮ ಕಡೆಯ ಹುಡುಗರು ಯಾರಾದರೂ ಇಂಥ ರೇಸಿನಲ್ಲಿ ಇದ್ದಾರೆಯೇ?

ಉತ್ತರ: ಪತ್ರಿಕೆ ಬರೆದದ್ದು ನಿಜ. 2025ರ ಜನವರಿ 11 ಮತ್ತು 12ರಂದು ದುಬೈ ಆಟೋಡ್ರೋಮ್‌ನಲ್ಲಿ ನಡೆದ ರೇಸಿನಲ್ಲಿ 'ಅಜಿತ್ ಕುಮಾರ್ ರೇಸಿಂಗ್' ತಂಡದ 901ನೇ ನಂಬರಿನ ಪೋರ್ಶೆ ಕಾರು ಮೂರನೆಯದಾಗಿ ಬಂತು. ಇಡೀ ರೇಸಿನಲ್ಲಿ ಮೂರನೆಯದೂ ಅಲ್ಲ, '992' ಎಂಬ ತನ್ನ ವರ್ಗದಲ್ಲಿ ಮೂರನೆಯದು. ಇಡೀ ರೇಸ್ ಗೆದ್ದದ್ದು ಅದಕ್ಕಿಂತ ಬಲವಾದ ಜಿಟಿ3 ವರ್ಗದ ಕಾರು. ಇಷ್ಟು ಒಪ್ಪಿಕೊಂಡ ಮೇಲೂ ಪಟಾಕಿಯ ವಿಷಯದಲ್ಲಿ ನಾನು ನಿಮ್ಮ ಬೀದಿಯ ಹುಡುಗರ ಕಡೆಗೇ ನಿಲ್ಲುತ್ತೇನೆ. ಏಕೆಂದು ಹೇಳಲು ಸ್ವಲ್ಪ ದೂರ ಸುತ್ತಿ ಬರಬೇಕು.

ನೀವು ಶೋಳಾವರಂನಲ್ಲಿ ನೋಡಿದ್ದು ಕೆಲವೇ ಸುತ್ತುಗಳ ಓಟ. ಎಲ್ಲರೂ ಒಟ್ಟಿಗೆ ಹೊರಟು, ಒಬ್ಬನೇ ಚಾಲಕ ಒಂದೇ ಉಸಿರಿನಲ್ಲಿ ಓಡಿಸಿ ಮುಗಿಸುವಂಥದ್ದು. ದುಬೈನಂಥ ಎಂಡ್ಯೂರೆನ್ಸ್ ರೇಸಿನಲ್ಲಿ, ಅಂದರೆ ತಾಳಿಕೆಯ ಓಟದಲ್ಲಿ, ಮೊದಲೇ ಗೊತ್ತುಮಾಡಿರುವುದು ದೂರವನ್ನಲ್ಲ, ಹೊತ್ತನ್ನು. 6 ಗಂಟೆ, 12 ಗಂಟೆ, 24 ಗಂಟೆ. ಅಷ್ಟು ಹೊತ್ತಿನಲ್ಲಿ ಯಾವ ಕಾರು ಹೆಚ್ಚು ಸುತ್ತು ಹಾಕಿತೋ ಅದು ಗೆದ್ದಂತೆ. ದುಬೈ ಟ್ರ್ಯಾಕಿನ ಒಂದು ಸುತ್ತು 5.39 ಕಿಲೋಮೀಟರ್, ಅದಕ್ಕೆ ಒಳ್ಳೆಯ ಕಾರಿಗೆ ಎರಡು ನಿಮಿಷದ ಆಸುಪಾಸು ಬೇಕು. ಅಡೆತಡೆ ಕಡಿಮೆಯಿದ್ದ ವರ್ಷ ಮುಂದಿರುವ ಕಾರುಗಳು ಹೆಚ್ಚುಕಡಿಮೆ 600 ಸುತ್ತು ಹಾಕುತ್ತವೆ. ಅಂದರೆ 3,200 ಕಿಲೋಮೀಟರಿಗೂ ಮಿಗಿಲು, ಚೆನ್ನೈನಿಂದ ದೆಹಲಿಗೆ ಹೋಗಿ ಅರ್ಧ ದಾರಿ ವಾಪಸು ಬಂದಷ್ಟು. ಅದೂ ಒಂದೇ ದಿನದಲ್ಲಿ, ಪ್ರತಿ ತಿರುವಿನಲ್ಲೂ ಬ್ರೇಕನ್ನು ಪೂರ್ತಿ ತುಳಿಯುತ್ತ.

ಈಗ ವರ್ಗಗಳ ವಿಷಯ. ಇಂಥ ರೇಸುಗಳಲ್ಲಿ ಒಂದೇ ಟ್ರ್ಯಾಕಿನ ಮೇಲೆ ಹಲವು ಬಗೆಯ ಕಾರುಗಳು ಏಕಕಾಲಕ್ಕೆ ಓಡುತ್ತವೆ. ದುಬೈನಲ್ಲಿ ಎಲ್ಲಕ್ಕೂ ಮೇಲಿನದು ಜಿಟಿ3. ಅದರ ಕೆಳಗೆ 992, ಅಂದರೆ ಪೋರ್ಶೆ ಕಂಪನಿ ರೇಸಿಗೆಂದೇ ಕಟ್ಟುವ 911 ಜಿಟಿ3 ಕಪ್ ಕಾರುಗಳು ಮಾತ್ರ ಸೇರುವ ವರ್ಗ. 4 ಲೀಟರಿನ ಆರು ಸಿಲಿಂಡರ್ ಎಂಜಿನ್, 510 ಅಶ್ವಶಕ್ತಿ. ಅದಕ್ಕೂ ಕೆಳಗೆ ಜಿಟಿ4, ಮತ್ತೆ ಚಿಕ್ಕ ಕಾರುಗಳು. ವರ್ಗದ ಸ್ಥಾನವೆಂದರೆ ಸೋತವರನ್ನು ಸಮಾಧಾನಪಡಿಸಲು ಇಟ್ಟ ಬಹುಮಾನ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 992 ವರ್ಗದಲ್ಲಿ ಎಲ್ಲರ ಕೈಯಲ್ಲೂ ಇರುವುದು ಒಂದೇ ಕಾರು. ದುಡ್ಡು ಸುರಿದು ಹೆಚ್ಚು ಬಲದ ಎಂಜಿನ್ ತಂದು ಮುಂದೆ ಹೋಗುವ ದಾರಿ ಅಲ್ಲಿಲ್ಲ. ಅಲ್ಲಿ ಮುಂದೆ ಬಂದ ತಂಡ ಚಾಲನೆಯಿಂದ, ಲೆಕ್ಕಾಚಾರದಿಂದ, ಮೆಕ್ಯಾನಿಕ್‌ಗಳ ಕೈಚಳಕದಿಂದಲೇ ಬಂದಿರಬೇಕು. ನನ್ನ ಮಟ್ಟಿಗೆ ತಂಡದ ನಿಜವಾದ ಬೆಲೆ ಗೊತ್ತಾಗುವುದು ಇಂಥ ವರ್ಗದಲ್ಲೇ.

ಮೇಲಿಂದ ಇನ್ನೊಂದು ಕಷ್ಟ. ಹಿಂದಿನಿಂದ ಜಿಟಿ3 ಕಾರುಗಳು ದೀಪ ಮಿಟುಕಿಸುತ್ತ ಬರುತ್ತವೆ, ಮುಂದೆ ಜಿಟಿ4 ಕಾರುಗಳು ನಿಧಾನವಾಗಿ ಹೋಗುತ್ತಿರುತ್ತವೆ. ನಡುವಿನ ವರ್ಗದ ಚಾಲಕ ಒಂದು ಕಣ್ಣು ಕನ್ನಡಿಯಲ್ಲಿ, ಇನ್ನೊಂದು ಕಣ್ಣು ಎದುರಿಗೆ ಇಟ್ಟುಕೊಂಡೇ ಓಡಿಸಬೇಕು. ತಿರುವಿನಲ್ಲಿ ದೊಡ್ಡ ಕಾರಿಗೆ ಜಾಗ ಬಿಡಬೇಕು, ಬಿಡುವಾಗ ತನ್ನ ಅರ್ಧ ಸೆಕೆಂಡೂ ಪೋಲಾಗಬಾರದು. ಜಾಗ ಬಿಡದೆ ಹಟ ಹಿಡಿದವನು ಮಣ್ಣಿಗೆ ಬೀಳುತ್ತಾನೆ. ಅತಿ ಉದಾರವಾಗಿ ಬಿಟ್ಟವನು ಸುತ್ತಿಗೆ ಒಂದೆರಡು ಸೆಕೆಂಡ್ ಕಳೆದುಕೊಳ್ಳುತ್ತಾನೆ, ಬೆಳಗಾಗುವಷ್ಟರಲ್ಲಿ ಅದು ಹತ್ತಾರು ನಿಮಿಷವಾಗಿ ಬೆಳೆದಿರುತ್ತದೆ. ದುಬೈನ ಜನವರಿಯಲ್ಲಿ ಕತ್ತಲೆಯೇ ಸುಮಾರು 13 ಗಂಟೆ. ಫ್ರಾನ್ಸಿನ ಪ್ರಸಿದ್ಧ ಲ ಮಾನ್ 24 ಗಂಟೆಗಳ ರೇಸ್ ಜೂನ್ ತಿಂಗಳಲ್ಲಿ ನಡೆಯುವುದರಿಂದ ಅಲ್ಲಿ ರಾತ್ರಿ ಚಿಕ್ಕದು. ಇಲ್ಲಿ ಅರ್ಧಕ್ಕಿಂತ ಹೆಚ್ಚು ರೇಸು ಹೆಡ್‌ಲೈಟ್ ಬೆಳಕಿನಲ್ಲೇ ಕಳೆಯುತ್ತದೆ.

ಒಬ್ಬನೇ ಓಡಿಸುತ್ತಾನೆಯೇ ಎಂದು ಕೇಳಿದ್ದೀರಿ. ಈಗ ಇಲ್ಲ, ನಿಯಮವೇ ಬಿಡುವುದಿಲ್ಲ. ಲ ಮಾನ್‌ನಲ್ಲಿ ಯಾವ ಚಾಲಕನೂ ಯಾವುದೇ ಆರು ಗಂಟೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಗಂಟೆ, ಒಟ್ಟು ರೇಸಿನಲ್ಲಿ 14 ಗಂಟೆಗಿಂತ ಹೆಚ್ಚು ಸ್ಟೇರಿಂಗ್ ಹಿಡಿಯುವಂತಿಲ್ಲ. ಐಸಿಎಫ್‌ನಲ್ಲಿದ್ದವರಿಗೆ ಇದನ್ನು ವಿವರಿಸುವುದು ಸುಲಭ. ನಿಮ್ಮ ಕೈಯಿಂದ ಹೊರಟ ಬೋಗಿಗಳು ಚೆನ್ನೈನಿಂದ ದೆಹಲಿ ಮುಟ್ಟುವವರೆಗೆ ಅವೇ ಇರುತ್ತವೆ, ಆದರೆ ಲೋಕೋ ಪೈಲಟ್‌ಗಳು ವಿಜಯವಾಡದಲ್ಲಿ, ಬಲ್ಹಾರ್ಶಾದಲ್ಲಿ ಇಳಿದು ಬೇರೆಯವರು ಹತ್ತುತ್ತಾರೆ. ರೇಸಿನಲ್ಲೂ ಕಾರು ಒಂದೇ, ಚಾಲಕರು ಮೂವರೋ ನಾಲ್ವರೋ. ಒಬ್ಬೊಬ್ಬರೂ ಒಂದೆರಡು ಗಂಟೆ ಓಡಿಸಿ ಇಳಿಯುತ್ತಾರೆ, ನೀರು ಕುಡಿದು ಮೈ ಒರೆಸಿಕೊಂಡು ಒಂದಿಷ್ಟು ಕಣ್ಣು ಮುಚ್ಚುತ್ತಾರೆ, ಮತ್ತೆ ತಮ್ಮ ಪಾಳಿಗೆ ಹೆಲ್ಮೆಟ್ ತೊಟ್ಟು ಬಂದು ನಿಲ್ಲುತ್ತಾರೆ.

ಹಿಂದೆ ಹೀಗಿರಲಿಲ್ಲ. 1950ರಲ್ಲಿ ಲೂಯಿ ರೋಜಿಯೆ ಎಂಬ ಫ್ರೆಂಚ್ ಚಾಲಕ ಲ ಮಾನ್ ರೇಸನ್ನು ಬಹುಪಾಲು ಒಬ್ಬನೇ ಓಡಿಸಿ ಗೆದ್ದ. ಜೊತೆಗಾರನಾಗಿದ್ದ ಮಗನ ಕೈಗೆ ಎರಡೇ ಸುತ್ತು ಕೊಟ್ಟಿದ್ದ. ಎರಡು ವರ್ಷದ ಮೇಲೆ, 1952ರಲ್ಲಿ, ಅದೇ ಫ್ರಾನ್ಸಿನ ಪಿಯೆರ್ ಲೆವೆಗ್ ಇನ್ನೂ ಮುಂದಕ್ಕೆ ಹೋಗಿ ಒಂದು ಸುತ್ತನ್ನೂ ಬಿಟ್ಟುಕೊಡದೆ ಓಡಿಸಿದ. ಅವನ ಜೊತೆಗಾರ ರೆನೆ ಮಾರ್ಶಾನ್ ಪಿಟ್‌ನಲ್ಲಿ, ಅಂದರೆ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸಿ ಸಜ್ಜುಮಾಡುವ ಜಾಗದಲ್ಲಿ, ತಯಾರಾಗಿ ನಿಂತೇ ಇದ್ದ. ಲೆವೆಗ್ ಪ್ರತಿ ಸಲವೂ ಪೆಟ್ರೋಲ್ ತುಂಬಿಸಿಕೊಂಡು, ಸೀಟು ಬಿಡದೆ ಹೊರಟುಹೋದ. ಎಂಜಿನ್ನಿನಲ್ಲಿ ಏನೋ ನಡುಕ ಕಾಣಿಸಿದೆ, ಅದನ್ನು ತಾನು ಮಾತ್ರ ಸಂಭಾಳಿಸಬಲ್ಲೆ ಎಂದು ಅವನ ನಂಬಿಕೆಯಾಗಿತ್ತೆಂದು ಹೇಳುತ್ತಾರೆ. ರಾತ್ರಿ ಕಳೆಯಿತು, ಬೆಳಗಾಯಿತು, ಹಿಂದಿದ್ದ ಮರ್ಸಿಡಿಸ್ ಕಾರುಗಳಿಗಿಂತ ನಾಲ್ಕು ಸುತ್ತು ಮುಂದಿದ್ದ. ಒಂದು ಗಂಟೆಯಷ್ಟು ಉಳಿದಿದ್ದಾಗ ಎಂಜಿನ್ ಮುರಿಯಿತು. 46 ವರ್ಷದ, ಕಣ್ಣು ಬಿಡಲಾಗದಷ್ಟು ದಣಿದ ಮನುಷ್ಯ ಗೇರ್ ತಪ್ಪಾಗಿ ಹಾಕಿದನೆಂದು ಅಂದಿನಿಂದ ಇಂದಿನವರೆಗೆ ಜನ ಹೇಳುತ್ತಲೇ ಬಂದಿದ್ದಾರೆ. ರೇಸ್ ಮರ್ಸಿಡಿಸ್ ಪಾಲಾಯಿತು. ಲೆವೆಗ್‌ನ ಛಲಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ದಿನ ಅವನು ಕೊಡದೇ ಉಳಿಸಿಕೊಂಡದ್ದು ಸ್ಟೇರಿಂಗ್, ಕಳೆದುಕೊಂಡದ್ದು ರೇಸ್. ಮಾರ್ಶಾನ್ ಎರಡು ಪಾಳಿ ಓಡಿಸಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆ ಈ ಆಟವನ್ನು ಪ್ರೀತಿಸುವ ಯಾರನ್ನೂ ಬಿಡುವುದಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ದುಬೈಗೆ ಬನ್ನಿ. ನೀವು ಆಕ್ಷೇಪದ ದನಿಯಲ್ಲಿ ಬರೆದ ಸಂಗತಿಯೇ, ಅಂದರೆ ಆ ಕಾರನ್ನು ಅಜಿತ್ ಓಡಿಸಲಿಲ್ಲ ಎಂಬುದೇ, ಆ ಮೂರನೇ ಸ್ಥಾನದ ಬೇರು ಎಂದು ನನಗೆ ತೋರುತ್ತದೆ.

ಅಜಿತ್ ಈ ಕ್ಷೇತ್ರಕ್ಕೆ ಹೊಸಬರಲ್ಲ. 2003ರಲ್ಲಿ ಫಾರ್ಮುಲಾ ಬಿಎಂಡಬ್ಲ್ಯು ಏಷ್ಯಾದಲ್ಲಿ, 2010ರಲ್ಲಿ ಫಾರ್ಮುಲಾ 2ರಲ್ಲಿ ಓಡಿಸಿದವರು. ಆಮೇಲೆ ಬಹಳ ವರ್ಷ ರೇಸಿನಿಂದ ದೂರವಿದ್ದು, 2024ರಲ್ಲಿ ತಮ್ಮದೇ ತಂಡ ಕಟ್ಟಿದರು. ನೆದರ್ಲೆಂಡ್ಸ್‌ನ ಬಾಸ್ ಕೂಟನ್ ರೇಸಿಂಗ್ ಸಂಸ್ಥೆ ತಾಂತ್ರಿಕ ಬೆಂಬಲಕ್ಕೆ ನಿಂತಿತು. ದುಬೈಗೆ ಅಜಿತ್ ಜೊತೆ ಮ್ಯಾಥ್ಯೂ ಡೆಟ್ರಿ, ಫಾಬಿಯನ್ ಡುಫ್ಯೂ, ಕ್ಯಾಮರನ್ ಮೆಕ್‌ಲಿಯಡ್ ಎಂಬ ಮೂವರು ಚಾಲಕರು ಗೊತ್ತಾದರು. ಜನವರಿ 7ರಂದು ಅಭ್ಯಾಸದ ವೇಳೆ ಅಜಿತ್ ಓಡಿಸುತ್ತಿದ್ದ ಕಾರು ತಡೆಗೋಡೆಗೆ ಬಡಿದು ಗಿರಗಿರನೆ ತಿರುಗಿ ನಿಂತಿತು. ಆ ದೃಶ್ಯ ನಿಮ್ಮ ಮೊಮ್ಮಕ್ಕಳ ಮೊಬೈಲಿನಲ್ಲಿ ನೀವೂ ನೋಡಿರಬಹುದು. ಅದೃಷ್ಟಕ್ಕೆ ಅವರಿಗೆ ಪೆಟ್ಟಾಗಲಿಲ್ಲ. ರೇಸಿಗೆ ನಾಲ್ಕು ದಿನ ಇತ್ತು. ಮೆಕ್ಯಾನಿಕ್‌ಗಳು ಕಾರನ್ನು ಮತ್ತೆ ಓಟಕ್ಕೆ ಅಣಿಮಾಡಬೇಕಿತ್ತು, ಚಾಲಕರ ಪಾಳಿಯನ್ನು ಮತ್ತೆ ಹಂಚಬೇಕಿತ್ತು.

ಆಗ ತಂಡ ಒಂದು ನಿರ್ಧಾರ ಪ್ರಕಟಿಸಿತು. ತಂಡದ ಮಾಲೀಕರಾಗಿ ಅಜಿತ್ ಇರುತ್ತಾರೆ, ಆದರೆ 901ನೇ ಕಾರನ್ನು ಓಡಿಸುವುದಿಲ್ಲ. ಬದಲಿಗೆ ರಜೂನ್ ಎಂಬ ಇನ್ನೊಂದು ತಂಡದ ಜೊತೆ ಜಿಟಿ4 ವರ್ಗದ ಪೋರ್ಶೆ ಕೇಮನ್ ಓಡಿಸುತ್ತಾರೆ. ಅವರಿಗಾಗ 53 ವರ್ಷ. ದುಬೈನ ಗ್ಯಾಲರಿ ತುಂಬಿದ್ದು ಅವರ ಹೆಸರಿಗಾಗಿ. ತಂಡದ ಹೆಸರೂ ಅವರದ್ದೇ, ಕಾರಿನ ಮೇಲಿನ ಬಣ್ಣವೂ ಅವರದ್ದೇ. ಅಂಥವರು ತಮ್ಮ ಕಾರಿನ ಸೀಟನ್ನು ತಾವೇ ಬಿಟ್ಟುಕೊಟ್ಟರು. ಇನ್ನು ಮೂವರೇ ಓಡಿಸಬೇಕು, ಹೊರೆ ಹೆಚ್ಚು. ಆದರೆ ಕಾರು ಓಟ ಮುಗಿಸಿ ಒಳ್ಳೆಯ ಸ್ಥಾನ ತರುವ ಸಾಧ್ಯತೆಯೂ ಹೆಚ್ಚು. ಅಭಿಮಾನಿಗಳಿಗೆ ಏನನ್ನಿಸೀತು ಎಂದು ಯೋಚಿಸಿ ಸೀಟಿನಲ್ಲಿ ಕೂರಬಹುದಿತ್ತು. ಹಾಗೆ ಕೂತ ಮಾಲೀಕರು ಈ ಆಟದ ಚರಿತ್ರೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕೊನೆಗೆ ಕಾರು ತನ್ನ ವರ್ಗದಲ್ಲಿ ಮೂರನೆಯದಾಯಿತು. ಅಜಿತ್ ತಾವೂ ಜಿಟಿ4 ಕಾರಿನಲ್ಲಿ ತಮ್ಮ ಪಾಳಿ ಮುಗಿಸಿದರು, ಸಂಘಟಕರು ಅವರಿಗೆ 'ಸ್ಪಿರಿಟ್ ಆಫ್ ದಿ ರೇಸ್' ಪುರಸ್ಕಾರ ಕೊಟ್ಟರು. ತ್ರಿವರ್ಣ ಧ್ವಜ ಹಿಡಿದು ಅವರು ಓಡಿಬಂದ ಚಿತ್ರವನ್ನು ದೇಶವೆಲ್ಲ ನೋಡಿತು.

ಮೊದಲ ದೊಡ್ಡ ಓಟಕ್ಕೇ ಪೋಡಿಯಂ, ಅಂದರೆ ಮೊದಲ ಮೂರು ಸ್ಥಾನದವರ ವೇದಿಕೆ, ಹತ್ತಿದ ಹೊಸ ತಂಡ ಅದು. ಆ ವರ್ಷವೇ ಮಾರ್ಚ್‌ನಲ್ಲಿ ಇಟಲಿಯ ಮುಜೆಲ್ಲೋದ 12 ಗಂಟೆಗಳ ಓಟದಲ್ಲಿ ವರ್ಗದ ಮೂರನೇ ಸ್ಥಾನ, ಏಪ್ರಿಲ್‌ನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಎರಡನೇ ಸ್ಥಾನ ಬಂದವು. ಹಾಗಾಗಿ ದುಬೈನದ್ದು ಆಕಸ್ಮಿಕವಾಗಿರಲಿಲ್ಲ.

ಮೂರನೇ ಸ್ಥಾನ ಎಷ್ಟು ದುಬಾರಿ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ, ನಿಮಗೆ ಇಷ್ಟವಾದೀತು. ಒಂದು ಕಾರು ಇನ್ನೊಂದಕ್ಕಿಂತ ಪ್ರತಿ ಸುತ್ತಿಗೂ ಅರ್ಧ ಸೆಕೆಂಡ್ ಬೇಗ ಎಂದುಕೊಳ್ಳಿ. 600 ಸುತ್ತಿಗೆ 300 ಸೆಕೆಂಡ್, ಅಂದರೆ ಐದು ನಿಮಿಷ ಲಾಭ. ಹಗಲೂ ರಾತ್ರಿ ಜೀವ ಪಣಕ್ಕಿಟ್ಟು ಗಳಿಸಿದ ಆ ಐದು ನಿಮಿಷ, ಪಿಟ್‌ನಲ್ಲಿ ಒಂದು ಚಕ್ರದ ನಟ್ಟು ಸಿಕ್ಕಿಹಾಕಿಕೊಂಡರೆ ಅಲ್ಲೇ ಕರಗಿಹೋಗುತ್ತದೆ. ಆದ್ದರಿಂದಲೇ ಅನುಭವಸ್ಥ ತಂಡಗಳು ಚಾಲಕನಿಗಿಂತ ಮೊದಲು ಪಿಟ್‌ನವರನ್ನು ತಯಾರು ಮಾಡುತ್ತವೆ. ಚಾಲಕ ಬದಲಾಗುವಾಗ ಒಬ್ಬ ಇಳಿಯುತ್ತಿದ್ದಂತೆ ಇನ್ನೊಬ್ಬ ನುಸುಳಬೇಕು, ಬೆಲ್ಟ್ ಬಿಗಿಯಬೇಕು, ರೇಡಿಯೋ ತಂತಿ, ಕುಡಿಯುವ ನೀರಿನ ಕೊಳವೆ ಸಿಕ್ಕಿಸಬೇಕು. ಎತ್ತರ ಬೇರೆಯಾದರೆ ಸೀಟಿನೊಳಗಿಡುವ ದಿಂಬನ್ನೂ ಬದಲಿಸಬೇಕು. ಇದನ್ನು ಖಾಲಿ ಗ್ಯಾರೇಜಿನಲ್ಲಿ ಮತ್ತೆ ಮತ್ತೆ ತಾಲೀಮು ಮಾಡುತ್ತಾರೆ.

ದುಬೈ ರೇಸ್ ನಡೆಸುವುದು ಕ್ರೆವೆಂಟಿಕ್ ಎಂಬ ಡಚ್ ಸಂಸ್ಥೆ. ಅವರ ರೇಸುಗಳಲ್ಲಿ ಎರಡು ವಿಶೇಷಗಳಿವೆ. ಮೊದಲನೆಯದು ಪೆಟ್ರೋಲ್. ಬೇರೆ ಕಡೆ ಪ್ರತಿ ತಂಡವೂ ತನ್ನ ಪಿಟ್‌ನಲ್ಲೇ ಇಂಧನ ತುಂಬಿಸಿಕೊಳ್ಳುತ್ತದೆ. ಇಲ್ಲಿ ಎಲ್ಲರಿಗೂ ಸೇರಿ ಒಂದೇ ಕಡೆ ಪಂಪುಗಳಿರುತ್ತವೆ, ಕಾರುಗಳು ಅಲ್ಲಿಗೇ ಬರಬೇಕು. ಎಲ್ಲರೂ ಒಟ್ಟಿಗೆ ಬಂದರೆ ಸಾಲು ನಿಲ್ಲಬೇಕು. ಯಾವಾಗ ಬಂದರೆ ಸಾಲು ಚಿಕ್ಕದಿರುತ್ತದೆ ಎಂಬ ಅಂದಾಜೇ ಒಂದು ವಿದ್ಯೆ.

ಎರಡನೆಯದು 'ಕೋಡ್ 60'. ಟ್ರ್ಯಾಕಿನಲ್ಲಿ ಅಪಘಾತವಾಗಿ ಕಾರು ಎಳೆಯಬೇಕಾದಾಗ ನೇರಳೆ ಬಣ್ಣದ ಬಾವುಟ ಬೀಸುತ್ತಾರೆ. ಆ ಕ್ಷಣದಿಂದ ಪ್ರತಿ ಕಾರೂ ಗಂಟೆಗೆ 60 ಕಿಲೋಮೀಟರ್ ಮೀರದಂತೆ ಓಡಬೇಕು, ಯಾರೂ ಯಾರನ್ನೂ ದಾಟುವಂತಿಲ್ಲ. ಈಗ ಗಮನಿಸಿ. ಮಾಮೂಲಿ ವೇಗದಲ್ಲಿ ಒಂದು ಕಾರು ಪಿಟ್‌ನಲ್ಲಿ ಮೂರು ನಿಮಿಷ ನಿಂತರೆ, ಅಷ್ಟರಲ್ಲಿ ಎದುರಾಳಿ ಒಂದೂವರೆ ಸುತ್ತು ಮುಂದೆ ಹೋಗಿರುತ್ತಾನೆ. ಕೋಡ್ 60 ಇದ್ದಾಗ ಅದೇ ಮೂರು ನಿಮಿಷದಲ್ಲಿ ಅವನು ಹೋಗಬಲ್ಲದ್ದು ಮೂರೇ ಕಿಲೋಮೀಟರ್, ಅರ್ಧ ಸುತ್ತಿಗಿಂತ ಸ್ವಲ್ಪ ಹೆಚ್ಚು. ಪಿಟ್‌ನ ಕೆಲಸ ಬಾಕಿಯಿದ್ದ ತಂಡಕ್ಕೆ ಅದು ಸಿಕ್ಕಿದ ಬಂಗಾರ. ಆಗಷ್ಟೇ ಪಿಟ್‌ನಿಂದ ಹೊರಬಿದ್ದ ತಂಡಕ್ಕೆ ಹೊಟ್ಟೆಯುರಿ. ನಡುರಾತ್ರಿ ಮೂರು ಗಂಟೆಗೆ ನಿದ್ದೆಗಣ್ಣಿನಲ್ಲಿ ಈ ಲೆಕ್ಕ ಹಾಕಿ, ಕೆಲವೇ ಸೆಕೆಂಡಿನಲ್ಲಿ 'ಒಳಗೆ ಬಾ' ಎಂದು ರೇಡಿಯೋದಲ್ಲಿ ಹೇಳುವ ಎಂಜಿನಿಯರ್‌ನ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಪೋಡಿಯಂ ಮೇಲಿನ ಹಿತ್ತಾಳೆ ಕಪ್ಪಿನಲ್ಲಿ ಅರ್ಧ ಪಾಲು ಅವನದ್ದು.

ಓಟ ಮುಗಿಸುವುದೇ ಎಂಥ ಸಾಹಸ ಎನ್ನುವುದಕ್ಕೆ 2016ರ ಲ ಮಾನ್ ನೋಡಿ. ಜಪಾನಿನ ಟೊಯೊಟಾ ಕಂಪನಿ ದಶಕಗಳಿಂದ ಆ ರೇಸಿಗೆ ಹಂಬಲಿಸುತ್ತಿತ್ತು. ಆ ವರ್ಷ ಅವರ ಕಾರು ಮುಂದಿತ್ತು, ಸ್ಟೇರಿಂಗ್ ಹಿಡಿದಿದ್ದವನು ಅವರದೇ ದೇಶದ ಕಜುಕಿ ನಕಾಜಿಮಾ. 23 ಗಂಟೆ 50ಕ್ಕೂ ಹೆಚ್ಚು ನಿಮಿಷ ಕಳೆದಿತ್ತು. ಆಗ ಕಾರಿನ ಶಕ್ತಿ ಉಡುಗಿತು. ಕೊನೆಯ ಸುತ್ತು ಶುರುವಾಗುವ ಗೆರೆಯ ಬಳಿಯೇ ಅದು ನಿಂತುಹೋಯಿತು, ಹಿಂದಿನಿಂದ ಬಂದ ಪೋರ್ಶೆ ಗೆದ್ದಿತು. ಟೊಯೊಟಾ ಹೇಗೋ ತೆವಳಿ ಸುತ್ತು ಮುಗಿಸಿದರೂ, ನಿಗದಿ ಮಾಡಿದ ಸಮಯ ಮೀರಿದ್ದರಿಂದ ಫಲಿತಾಂಶದ ಪಟ್ಟಿಯಲ್ಲಿ ಅದಕ್ಕೆ ಸ್ಥಾನವೇ ಸಿಗಲಿಲ್ಲ. ಎರಡನೆಯದೂ ಅಲ್ಲ, ಹತ್ತನೆಯದೂ ಅಲ್ಲ. ಎರಡು ವರ್ಷದ ನಂತರ, 2018ರಲ್ಲಿ, ಅದೇ ನಕಾಜಿಮಾ ಗೆದ್ದ ಕಾರಿನ ಚಾಲಕರಲ್ಲಿ ಒಬ್ಬನಾಗಿ ನಿಂತಾಗ ನನ್ನಂಥ ದೂರದ ನೋಡುಗರ ಕಣ್ಣೂ ಒದ್ದೆಯಾಯಿತು.

ಇನ್ನು ನಮ್ಮವರ ವಿಷಯ. ಶೋಳಾವರಂ ನೋಡಿದ್ದೇನೆ ಎಂದಿರಿ, ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ. ನಿಮ್ಮ ಪೆರಂಬೂರಿನಿಂದ ಮಾಧವರಂ, ರೆಡ್ ಹಿಲ್ಸ್ ದಾಟಿದರೆ ಶೋಳಾವರಂ. ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿ ಅದು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅದನ್ನೇ ರೇಸ್ ಟ್ರ್ಯಾಕ್ ಮಾಡಿಕೊಂಡಿತು. ಬೆಂಗಳೂರು, ಕೊಯಮತ್ತೂರು, ಕೋಲ್ಕತ್ತ, ಮುಂಬೈಯಿಂದ ಜನ ಕಾರು ತಂದು ಅಲ್ಲಿ ಓಡಿಸುತ್ತಿದ್ದರು. ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟೈಯಲ್ಲಿ ಕ್ಲಬ್ಬಿನ ಸ್ವಂತ ಟ್ರ್ಯಾಕ್ 1990ರಲ್ಲಿ ಸಿದ್ಧವಾದ ಮೇಲೆ ಶೋಳಾವರಂ ಸುಮ್ಮನಾಯಿತು.

ಆ ಕ್ಲಬ್ ಕಟ್ಟಿದವರಲ್ಲಿ ಒಬ್ಬರು ಇಂದು ಚಂಧೋಕ್. ಅವರ ಮಗ ವಿಕ್ಕಿ ಚಂಧೋಕ್, ಮೊಮ್ಮಗ ಕರುಣ್ ಚಂಧೋಕ್. ಫಾರ್ಮುಲಾ 1 ಓಡಿಸಿದ ಕರುಣ್ 2012ರಲ್ಲಿ ಲ ಮಾನ್ ರೇಸ್ ಓಡಿಸಿದ ಮೊದಲ ಭಾರತೀಯನಾದ. ಜೆಆರ್‌ಎಂ ಎಂಬ ಖಾಸಗಿ ತಂಡ, ಜೊತೆಗೆ ಡೇವಿಡ್ ಬ್ರಾಬಮ್ ಮತ್ತು ಪೀಟರ್ ಡಂಬ್ರೆಕ್. ಆಡಿಯಂಥ ಕಾರ್ಖಾನೆ ತಂಡಗಳ ನಡುವೆ ಓಡಿ ಒಟ್ಟಾರೆ ಆರನೆಯವರಾಗಿ ಮುಗಿಸಿದರು. ಚೆನ್ನೈನಲ್ಲಿ ಅಂದು ಪಟಾಕಿ ಹೊಡೆದವರು ಬಹಳ ಮಂದಿ ಇರಲಿಕ್ಕಿಲ್ಲ. ಹೊಡೆಯಬೇಕಿತ್ತು. ಒಟ್ಟಾರೆ ಆರನೇ ಸ್ಥಾನ ಎಂಬುದು ಇಂದಿಗೂ ದೊಡ್ಡ ಮಾತು.

ಅದಕ್ಕೂ ಮೂರು ವರ್ಷ ಮೊದಲು, 2009ರಲ್ಲಿ, ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ ಲ ಮಾನ್‌ಗೆ ಹೋಗಿದ್ದರು. ಕೊಲೆಸ್ ತಂಡದ ಆಡಿ ಆರ್10 ಕಾರು. ಅಭ್ಯಾಸದ ಸುತ್ತುಗಳೆಲ್ಲ ಮುಗಿದಿದ್ದವು. ರೇಸ್ ಶುರುವಾಗುವ ಸ್ವಲ್ಪ ಮುಂಚೆ ಪಿಟ್ ಗೋಡೆಯಿಂದ ಇಳಿಯುವಾಗ ಬಿದ್ದು ಭುಜದ ಕೀಲು ತಪ್ಪಿತು. ಒಂದು ಸುತ್ತೂ ಓಡಿಸಲಾಗಲಿಲ್ಲ. ಆಗ ಮೂವರ ಕೆಲಸವನ್ನು ಉಳಿದ ಇಬ್ಬರು, ಚಾರ್ಲ್ಸ್ ಜ್ವೋಲ್ಸ್‌ಮನ್ ಮತ್ತು ಆಂದ್ರೆ ಲೊಟ್ಟೆರರ್, 24 ಗಂಟೆಯೂ ಹೊತ್ತು ಕಾರನ್ನು ಏಳನೇ ಸ್ಥಾನಕ್ಕೆ ತಂದರು. ಲೊಟ್ಟೆರರ್‌ಗೆ ಅದು ಮೊದಲ ಲ ಮಾನ್. ಮರುವರ್ಷವೇ ಆಡಿ ಕಾರ್ಖಾನೆ ತಂಡ ಅವನನ್ನು ಸೇರಿಸಿಕೊಂಡಿತು. 2011ರಲ್ಲಿ ಅವನು ಇನ್ನಿಬ್ಬರ ಜೊತೆ ಗೆದ್ದಾಗ ಎರಡನೆಯದಾಗಿ ಬಂದ ಪ್ಯೂಜೊ ಹಿಂದಿದ್ದದ್ದು ಬರೀ 13.854 ಸೆಕೆಂಡ್. 24 ಗಂಟೆಯ ಓಟದಲ್ಲಿ 14 ಸೆಕೆಂಡಿಗೂ ಕಡಿಮೆ! ಯಾವುದೋ ಒಂದು ಪಿಟ್‌ನಲ್ಲಿ ಯಾವನೋ ಮೆಕ್ಯಾನಿಕ್ ಒಂದು ಸಲ ಎಡವಿದ್ದರೆ ಹೆಸರುಗಳು ಅದಲುಬದಲಾಗುತ್ತಿದ್ದವು.

ನೀವು ಕೇಳಿದ ನಮ್ಮ ಕಡೆಯ ಹುಡುಗ ಅರ್ಜುನ್ ಮೈನಿ. ಬೆಂಗಳೂರಿನವನು, 1997ರ ಡಿಸೆಂಬರ್‌ನಲ್ಲಿ ಹುಟ್ಟಿದವನು. 2019ರ ಲ ಮಾನ್ ರೇಸಿನಲ್ಲಿ ಎಲ್‌ಎಂಪಿ2 ವರ್ಗದಲ್ಲಿ ಆರ್‌ಎಲ್‌ಆರ್ ತಂಡದ ಒರೆಕಾ ಕಾರನ್ನು ಜಾನ್ ಫರಾನೊ, ನಾರ್ಮನ್ ನಾಟೊ ಜೊತೆ ಓಡಿಸಿದ. ಆಗ ಅವನಿಗೆ 21. 2021ರ ಫೆಬ್ರವರಿಯಲ್ಲಿ ದುಬೈ, ಅಬುಧಾಬಿಯಲ್ಲಿ ನಡೆದ ಏಷ್ಯನ್ ಲ ಮಾನ್ ಸರಣಿಯ ನಾಲ್ಕು ಗಂಟೆಗಳ ಓಟಗಳಲ್ಲಿ ನರೇನ್ ಕಾರ್ತಿಕೇಯನ್, ಅರ್ಜುನ್ ಮೈನಿ, ನವೀನ್ ರಾವ್ ಒಂದೇ ಕಾರು ಹಂಚಿಕೊಂಡರು. ತಂಡದ ಹೆಸರು ರೇಸಿಂಗ್ ಟೀಮ್ ಇಂಡಿಯಾ. 2009ರಲ್ಲಿ ಭುಜ ಹಿಡಿದುಕೊಂಡು ಪಿಟ್‌ನಲ್ಲಿ ಕೂತಿದ್ದ ನರೇನ್, ತಮಗಿಂತ ಇಪ್ಪತ್ತು ವರ್ಷ ಕಿರಿಯನಾದ ಬೆಂಗಳೂರಿನ ಹುಡುಗನಿಗೆ ಸ್ಟೇರಿಂಗ್ ದಾಟಿಸುತ್ತಿದ್ದರು. ಅರ್ಜುನ್ ಆಮೇಲೆ ಜರ್ಮನಿಯ ಡಿಟಿಎಂ ಕಾರ್ ರೇಸ್ ಸರಣಿಗೆ ಹೋದ. ತಮ್ಮ ಕುಶ್ ಮೈನಿ ಫಾರ್ಮುಲಾ 2ರಲ್ಲಿ ಹೆಸರು ಮಾಡಿದ. ಈ ಹುಡುಗರ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಬರಬೇಕಾದಷ್ಟು ಬಂದಿಲ್ಲ ಎಂಬ ಕೊರಗು ನನಗಿದೆ. ಕ್ರಿಕೆಟ್ ಸ್ಕೋರಿನ ಕೆಳಗೆ ಎರಡು ಸಾಲು ಸಾಲದು.

ಸಿನಿಮಾ ನಟನಿಗೆ ಇದೆಲ್ಲ ಶೋಕಿ ಎಂದು ನಿಮ್ಮ ಮನಸ್ಸಿನಲ್ಲಿ ಇರಬಹುದು, ಪತ್ರದಲ್ಲಿ ನೀವು ಬರೆಯದಿದ್ದರೂ. ಹಾಲಿವುಡ್‌ನ ಪಾಲ್ ನ್ಯೂಮನ್ ಅವರ ಹೆಸರು ಹೇಳಿ ಆ ಮಾತು ಮುಗಿಸುತ್ತೇನೆ. 1979ರಲ್ಲಿ ಅವರಿದ್ದ ಪೋರ್ಶೆ 935 ಲ ಮಾನ್‌ನಲ್ಲಿ ಒಟ್ಟಾರೆ ಎರಡನೆಯದಾಯಿತು. 1995ರಲ್ಲಿ ಅಮೆರಿಕದ ಡೇಟೋನಾ 24 ಗಂಟೆಗಳ ಓಟದಲ್ಲಿ ಅವರ ಕಾರು ವರ್ಗ ಗೆದ್ದಿತು, ಒಟ್ಟಾರೆ ಮೂರನೆಯದಾಯಿತು. ಆಗ ಅವರಿಗೆ 70 ವರ್ಷ. ಮೂರನೇ ಸ್ಥಾನವೇ, ವರ್ಗದ ಗೆಲುವೇ ಎಂದು ಅಲ್ಲಿ ಯಾರೂ ಮೂಗು ಮುರಿಯಲಿಲ್ಲ.

ಮುಂದಿನ ಸಲ ನೀವೇ ನೋಡಿ ತೀರ್ಮಾನಿಸುವುದು ಒಳ್ಳೆಯದು. ದುಬೈನ ಈ ರೇಸ್ ಪ್ರತಿ ವರ್ಷ ಜನವರಿಯಲ್ಲಿ ನಡೆಯುತ್ತದೆ, ಸಂಘಟಕರೇ ಯೂಟ್ಯೂಬಿನಲ್ಲಿ ಶುರುವಿನಿಂದ ಕೊನೆಯವರೆಗೆ ಬಿಟ್ಟಿಯಾಗಿ ತೋರಿಸುತ್ತಾರೆ. ಇಡೀ 24 ಗಂಟೆ ಕೂರಬೇಕಿಲ್ಲ. ಶುರುವಿನ ಒಂದು ಗಂಟೆ, ಬೆಳಗಿನ ಜಾವದ ಒಂದು ಗಂಟೆ, ಕೊನೆಯ ಒಂದು ಗಂಟೆ ಸಾಕು. ಪರದೆಯ ಎಡಭಾಗದಲ್ಲಿ ಕಾರುಗಳ ಪಟ್ಟಿ ಓಡುತ್ತಿರುತ್ತದೆ. ಅದರಲ್ಲಿ ಒಟ್ಟಾರೆ ಸ್ಥಾನವನ್ನು ಬಿಟ್ಟು, ವರ್ಗವನ್ನು ತೋರಿಸುವ ಬಣ್ಣದ ಗುರುತನ್ನು ಹಿಡಿದುಕೊಳ್ಳಿ. ಒಂದು ವರ್ಗದ ಮೂರು ಕಾರುಗಳನ್ನು ಆರಿಸಿ, ಯಾವುದು ಎಷ್ಟು ಹೊತ್ತಿಗೆ ಪಿಟ್‌ಗೆ ಬಂತು, ಎಷ್ಟು ಹೊತ್ತು ನಿಂತಿತು, ಯಾರು ಇಳಿದು ಯಾರು ಹತ್ತಿದರು ಎಂದು ಮೊಮ್ಮಕ್ಕಳ ಕೈಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ನೇರಳೆ ಬಾವುಟ ಬಂದಾಗ ಯಾವ ತಂಡ ಒಳಗೆ ಬಂತು, ಯಾವುದು ಹೊರಗೇ ಉಳಿಯಿತು ಎಂಬುದನ್ನು ತಪ್ಪದೆ ಗುರುತು ಹಾಕಿಸಿ. ಬೆಳಗಿನ ಜಾವದ ಹೊತ್ತಿಗೆ ಯಾರು ಪೋಡಿಯಂ ಹತ್ತುತ್ತಾರೆಂದು ನಿಮ್ಮ ಬೀದಿಯ ಹುಡುಗರಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ.